ಗುಳಿಗೆ ಬಿಟ್ಟವರ ರಿಜಿಸ್ಟರ್

ಫಳ್!

ಕಲ್ಲು ಬಡಿದು ಕಾರಿನ ಹಿಂದಿನ ಗ್ಲಾಸು ಪುಡಿಪುಡಿಯಾಯಿತು.

ಕಾಲುವೆ ಏರಿ. ಎಡಕ್ಕೆ ತುಂಬಿದ ನೀರು, ಬಲಕ್ಕೆ ಭತ್ತದ ಗದ್ದೆ. ನಡುವೆ ಒಂದೇ ಕಾರಿಗೆ ಸಾಲುವ ಮಣ್ಣುದಾರಿ. ಹಿಂದೆ ಬೊಲೆರೊ... ಅದರೊಳಗೆ ಆಂಜನೇಯ ಮತ್ತು ಅವನ ಇಬ್ಬರು ಆಳುಗಳು.

"ತಲಿ ಬಗ್ಗಸು ತಂಗೀ!" ಕೂಗಿದೆ.

ಪಕ್ಕದ ಸೀಟಿನಲ್ಲಿದ್ದ ಸವಿತಾ ಬಗ್ಗಿದಳು. ಎದೆಗೆ ಅವುಚಿದ್ದ ರಿಜಿಸ್ಟರ್ ಮಾತ್ರ ಬಿಡಲಿಲ್ಲ.

ತಮಾಷೆ ನೋಡಿ. ಒಂದು ತಾಸಿನ ಹಿಂದೆ ಈ ಹುಡುಗಿಯನ್ನು ಹಿಡಿಯಲೆಂದೇ ನಾನು ಮಲ್ಲಟಕ್ಕೆ ಬಂದಿದ್ದೆ!

ನಾನು ಮಾರೆಪ್ಪ. ಮೊದಲು ಪೊಲೀಸ್. ಈಗ ಓಡಿಹೋದವರನ್ನು ಹುಡುಕಿಕೊಡುವುದೇ ಕಸುಬು. ರಾಯಚೂರಿನ ಒಂದು ಲ್ಯಾಬಿನ ಡೈರೆಕ್ಟರ್ ನನ್ನನ್ನು ಕರೆಸಿದ್ದ.

"ನಮ್ಮ ಟೆಕ್ನಿಷಿಯನ್ ಒಬ್ಬಾಕಿ ರಿಜಿಸ್ಟರ್ ಕದ್ದು ಓಡ್ಯಾಳ. ಹುಡುಕು."

ಹುಡುಕಿದೆ. ಮಲ್ಲಟದಲ್ಲಿ ತನ್ನ ಅತ್ತೆಯ ಮನೆಯಲ್ಲಿ ಸಿಕ್ಕಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ರಿಜಿಸ್ಟರ್ ಬಿಚ್ಚಿ ನನ್ನ ಮುಂದಿಟ್ಟಳು.

"ಓದ್ರಿ ಅಣ್ಣಾರ. ಆಮ್ಯಾಲ ಎಲ್ಲಿಗಿ ಬೇಕಾದ್ರ ಕರಕೊಂಡು ಹೋಗ್ರಿ."

ದೇವದುರ್ಗ, ಮಾನ್ವಿ ಕಡೆಯ ಊರುಗಳಲ್ಲಿ ಲ್ಯಾಬು ಕ್ಯಾಂಪ್ ಹಾಕಿತ್ತು. ಜನರ ರಕ್ತ ತೆಗೆದು ಟೆಲೋಮಿಯರ್ ಅಳೆದಿತ್ತು.

"ಅದೇನದು ಟೆಲೋಮಿಯರ್?"

"ಜೀವಕೋಶದೊಳಗ ಎಳಿ ಇರ್ತಾವ್ರಿ. ಅವುಗಳ ತುದಿ. ಕೌದಿಗಿ ಅಂಚು ಹೊಲೀತೀವಲ್ಲ, ಹಂಗ. ವಯಸ್ಸಾದಂಗ ಸವೀತದ. ಉದ್ದ ಇದ್ರ ಲಕ್ವಾ, ಅಂದ್ರ ಪಾರ್ಶ್ವವಾಯು, ಹೊಡಿಯಂಗಿಲ್ಲ, ಬಿಪಿ ಗುಳಿಗಿ ಬ್ಯಾಡ ಅಂತ ಡೈರೆಕ್ಟರ್ ಬರ್ದು ಬರ್ದು ಕೊಟ್ಟಾನ."

"ಖರೇನಾ?"

"ಮೂರು ವರ್ಷ ಲೆಕ್ಕ ಇಟ್ಟೀನ್ರಿ. ಗಿಡ್ಡ ಇದ್ದವರಿಗೂ ಹೊಡೀತು, ಉದ್ದ ಇದ್ದವರಿಗೂ ಹೊಡೀತು. ಅದ್ರಾಗ ಫರಕ್ ಕಾಣ್ಲಿಲ್ಲ. ಫರಕ್ ಕಂಡಿದ್ದು ಗುಳಿಗಿ ಬಿಟ್ಟವರೊಳಗ!"

ಒಂದು ಸಾಲಿನ ಮೇಲೆ ಬೆರಳಿಟ್ಟಳು. ಹನುಮಂತಮ್ಮ, ಅರಕೇರಾ. ಉದ್ದ. ಗುಳಿಗೆ ಬಿಟ್ಟಿದ್ದಾರೆ. ಸಾವು.

"ನಮ್ಮವ್ವ."

ಅಷ್ಟರಲ್ಲಿ ಅಂಗಳಕ್ಕೆ ಬೊಲೆರೊ ಬಂತು. ಡೈರೆಕ್ಟರನ ಬಂಟ ಆಂಜನೇಯ. ನನ್ನನ್ನೇ ಹಿಂಬಾಲಿಸಿದ್ದ! ಕೈಯಲ್ಲಿ ಮಚ್ಚು. ಬರೀ ರಿಜಿಸ್ಟರ್ ಒಯ್ಯಲು ಯಾರೂ ಮಚ್ಚು ತರುವುದಿಲ್ಲ. ಹಿತ್ತಲಿನಿಂದ ಸವಿತಾಳನ್ನು ಎಳೆದುಕೊಂಡು ಕಾರು ಹತ್ತಿದೆ.

ಹಾಗೆ ಈ ಏರಿ ಹಿಡಿದಿದ್ದು.

ಗೇರ್ ಬದಲಿಸಲು ಹೋದೆ. ಎಡಗೈ ಏಳಲಿಲ್ಲ.

ಮತ್ತೆ ಎತ್ತಿದೆ. ಊಹೂಂ. ಯಾರದೋ ಕೈ ತಂದು ನನ್ನ ತೊಡೆಯ ಮೇಲೆ ಇಟ್ಟಂತಿತ್ತು.

ಸವಿತಾ ನನ್ನನ್ನೇ ನೋಡಿದಳು.

"ಅಣ್ಣಾರ, ನಗ್ರಿ!"

"ಈಗ ಏನು ನಗೂದು?"

"ಹಲ್ಲು ತೋರಸ್ರಿ ಅಂದ್ನಿ!"

ತೋರಿಸಿದೆ.

"ಬಾಯಿ ಸೊಟ್ಟ ಆಗ್ಯದ... ಬಿಪಿ ಅದ ಏನ್ರಿ ನಿಮಗ?"

"ಅದ. ಗುಳಿಗಿ ಬಿಟ್ಟೀನಿ."

"ಯಾಕ?"

"ಹೋದ ವರ್ಷ ನಿಮ್ಮ ಡೈರೆಕ್ಟರ್ ನಂದೂ ಟೆಸ್ಟ್ ಮಾಡಿಸಿದ್ದ. ಅದರ ಹೆಸರು ನನಗ ತಿಳೀಲಿಲ್ಲ. ಉದ್ದ ಅದ, ಗುಳಿಗಿ ಬ್ಯಾಡ ಅಂದ..."

ಎಡಗಾಲೂ ಹೋಯಿತು. ಕ್ಲಚ್ ಒತ್ತಲಾಗಲಿಲ್ಲ. ಕಾರು ಎರಡು ಸಲ ಜಗ್ಗಿ ಆಫ್ ಆಯಿತು. ಬೊಲೆರೊ ಹಿಂದಿನಿಂದ ಗುದ್ದಿ ನಿಂತಿತು.

ಆಂಜನೇಯ ಮಚ್ಚು ಹಿಡಿದು ಬಂದ.

"ಇಳಿ ಲೇ ಮಾರ್ಯಾ!"

ಇಳಿಯಲು ಕಾಲಿರಬೇಕಲ್ಲ! ಸವಿತಾ ಇಳಿದಳು. ಗದ್ದೆಯ ಕಡೆ ತಿರುಗಿ ಚೀರಿದಳು.

"ಯವ್ವಾ! ಬರ್ರೀ! ಇವರಿಗಿ ಲಕ್ವಾ ಹೊಡದದ!"

ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಹತ್ತು ಹನ್ನೆರಡು ಮಂದಿ. ಕೆಸರುಗಾಲಲ್ಲೇ ಏರಿ ಹತ್ತತೊಡಗಿದರು. ಆಂಜನೇಯ ಮಚ್ಚನ್ನು ಬೆನ್ನ ಹಿಂದೆ ಸರಿಸಿದ. ಅವನ ಆಳುಗಳಿಬ್ಬರೂ ಕಾರಿನ ಮುಂದೆ ಅಡ್ಡ ನಿಂತರು.

"ರಿಜಿಸ್ಟರ್ ಕೊಡು. ಇಲ್ಲಾಂದ್ರ ಗಾಡಿ ಇಲ್ಲಿಂದ ಅಲ್ಲಾಡಂಗಿಲ್ಲ" ಎಂದ.

ಸವಿತಾ ನನ್ನನ್ನು ನೋಡಿದಳು. ರಿಜಿಸ್ಟರನ್ನು ನೋಡಿದಳು. ಮೂರು ವರ್ಷ. ಅದರೊಳಗೆ ಅವಳ ಅವ್ವ.

ಕೊಡಬೇಡ ಅನ್ನಲು ಬಾಯಿ ತೆರೆದೆ. ಜೊಲ್ಲು ಸುರಿಯಿತು, ಅಷ್ಟೇ.

"ನಾಕೂವರಿ ತಾಸಿನೊಳಗ ಇಂಜೆಕ್ಷನ್ ಬೀಳಬೇಕ್ರಿ" ಎಂದಳು ನನಗೆ, ಮೆಲ್ಲಗೆ. ಕೊಟ್ಟುಬಿಟ್ಟಳು.

ಅವನು ಅದನ್ನು ಹರಿದು ಕಾಲುವೆಗೆ ಎಸೆದ. ಹಾಳೆಗಳು ತೇಲುತ್ತಾ ಹೋದವು.

ಹೆಂಗಸರು ನನ್ನನ್ನು ಎತ್ತಿ ಪಕ್ಕದ ಸೀಟಿಗೆ ಹಾಕಿದರು. ಸವಿತಾ ಸ್ಟೇರಿಂಗ್ ಹಿಡಿದಳು.

"ಕಾರು... ಬರ್ತದ?" ತೊದಲಿದೆ.

"ಟ್ರ್ಯಾಕ್ಟರ್ ಬರ್ತದ್ರಿ!"

ಕಲ್ಲೂರು ದಾಟುವಾಗ ಇನ್ನೂ ಸೆಕೆಂಡ್ ಗೇರಿನಲ್ಲೇ ಇದ್ದೆವು. ಇಂಜಿನ್ ಅರಚುತ್ತಿತ್ತು. ಆದರೂ ರಾಯಚೂರು ಮುಟ್ಟಿದೆವು. ಇಂಜೆಕ್ಷನ್ ಬಿತ್ತು. ಕಾಲು ವಾಪಸ್ ಬಂತು.

ಕೈ ಬರಲಿಲ್ಲ.

ಹಾಸಿಗೆಯಿಂದಲೇ ಡೈರೆಕ್ಟರನ ಮೇಲೆ ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟೆ. ಒಂಬತ್ತನೇ ದಿನ ಅವನೇ ವಾರ್ಡಿಗೆ ಬಂದ. ಕೈಯಲ್ಲಿ ಮೋಸಂಬಿ ಚೀಲ.

"ರಿಜಿಸ್ಟರ್ ಇಲ್ಲ, ಸಾಕ್ಷಿ ಇಲ್ಲ. ಕಂಪ್ಲೇಂಟ್ ವಾಪಸ್ ತಗೋ ಮಾರೆಪ್ಪ."

"ನೀವು ಸಹಿ ಮಾಡಿದ ರಿಪೋರ್ಟ್ ಮನಿಮನಿಗಿ ಕೊಟ್ಟೀರಲ್ರಿ ಸಾಹೇಬ್ರ. ನಂದು ಪೊಲೀಸರ ಹತ್ರ ಅದ. ಉಳಿದವು ಸವಿತಾ ಕೂಡಸಾಕತ್ತಾಳ. ಅರಕೇರಾ ಮುಗೀತು."

ಅವನ ಮುಖ ಕಪ್ಪಿಟ್ಟಿತು. ಆದರೂ ನಕ್ಕ.

"ಕೇಸು ಮುಗಿಯಾಕ ಇಪ್ಪತ್ತು ವರ್ಷ ಬೇಕು. ಅಲ್ಲೀತನಕ ಬದುಕ್ತೀ ಏನು?"

ನರ್ಸ್ ಇಟ್ಟುಹೋದ ಬಿಪಿ ಗುಳಿಗೆಯನ್ನು ಬಲಗೈಯಿಂದ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

"ಅದಕ್ಕ ನುಂಗಾಕತ್ತೀನ್ರಿ!"