ಎತ್ತರಿಸಿದ ಜೀಪು

1996ರ ನವೆಂಬರ್ 14, ಗುರುವಾರ, ಬೆಳಿಗ್ಗೆ 9.40. ಕ್ಯಾತನಹಳ್ಳಿಯ ಚಲುವಮ್ಮ ಪಾಂಡವಪುರ ಠಾಣೆಗೆ ಅರ್ಜಿ ಹಿಡಿದು ಬಂದಳು. ಭಾನುವಾರ ನಾಲೆ ಏರಿಯ ಮೇಲೆ ಜೀಪು ಗುದ್ದಿ ಅದೇ ಊರಿನ ಮಾಯಮ್ಮ ಸತ್ತಾಗ ಬ್ರೇಕು ಹಿಡಿಯಲಿಲ್ಲ, ಡ್ರೈವರಾಗಿದ್ದ ತನ್ನ ಗಂಡ ಮುದ್ದಯ್ಯನದು ತಪ್ಪಿಲ್ಲ ಎಂದು ಬರೆಸಿದ್ದಳು.

ಇನ್ಸ್‌ಪೆಕ್ಟರ್ ಜಯರಾಮಯ್ಯ ಅರ್ಜಿಯನ್ನು ಮಡಿಸಿಟ್ಟರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ, ಬ್ರೇಕು ಹಿಡಿಯಿತು ಎಂದ ಡ್ರೈವರನ್ನು ಅವರು ಕಂಡೇ ಇರಲಿಲ್ಲ.

"ಆರ್‌ಟಿಓದವ್ರು ಸೋಮವಾರ ಗಾಡಿ ಓಡ್ಸಿ ನೋಡವ್ರೆ ಕಣಮ್ಮ. ಬ್ರೇಕು ಸರ್ಯಾಗದೆ ಅಂತ ಬರ್ಕೊಟ್ಟವ್ರೆ," ಎಂದ ಹೆಡ್ ಕಾನ್‌ಸ್ಟೇಬಲ್ ಶಿವಶಂಕರ್.

"ಅಂಗಾರೆ ನನ್ ಗಂಡ ಬೇಕಂತ ಗುದ್ದುದ್ನಾ ಸಾಮಿ? ಜಾಮೀನಿಗೆ ಒಬ್ರೂ ಬರ್ತಿಲ್ಲ. ನಾನು ಬೋರ್‌ವೆಲ್‌ತಕೆ ಓದ್ರೆ ಎಲ್ಲಾ ಕೊಡ ಎತ್ಕಂಡ್ ಎದ್ದೋಯ್ತಾರೆ."

ಅವಳು ಹೋದ ಮೇಲೆ ಜಯರಾಮಯ್ಯ ಕಡತ ತೆಗೆದರು. ಎಫ್‌ಐಆರ್, ಕಲಂ 279, 304-ಎ: ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಪಂಚನಾಮೆಯ ಕೊನೆಯಲ್ಲಿ ಒಂದು ಸಾಲಿತ್ತು: ಠಾಣೆಯ ಆವರಣದಲ್ಲಿ ಜಾಗವಿಲ್ಲದ ಕಾರಣ ವಾಹನವನ್ನು ಮೆಕ್ಯಾನಿಕ್ ದೇವಯ್ಯನ ಶೆಡ್ಡಿನಲ್ಲಿ ಇಡಲಾಗಿದೆ.

ಠಾಣೆಯ ಜೀಪನ್ನು ರಿಪೇರಿ ಮಾಡುವವನೂ ದೇವಯ್ಯನೇ. ಅಪಘಾತದ ಗಾಡಿಗಳನ್ನು ಅಲ್ಲಿ ನಿಲ್ಲಿಸುವುದು ರೂಢಿ. ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ, ಜಯರಾಮಯ್ಯನವರಿಗೂ.

11.30ಕ್ಕೆ ಶಿವಶಂಕರ್ ಜೊತೆ ಶೆಡ್ಡು ತಲುಪಿದರು. ಜೀಪು ಕೊಕ್ಕರೆಯಂತೆ ಎತ್ತರಕ್ಕೆ ನಿಂತಿತ್ತು.

"ಇದನ್ನು ಎತ್ತರಿಸಿದ್ದು ಯಾರು?"

"ನಾನೇಯ ಸಾ," ದೇವಯ್ಯನ ಮುಖ ಅರಳಿತು. "ಕಬ್ಬಿನ ಗದ್ದೇಲಿ ಊತ್ಕೊಳ್ತದೆ ಅಂತ ಓನರ್ರು ದೊಡ್ಡ ಟೈರು ತಂದ್ರು. ಮಡ್‌ಗಾರ್ಡ್‌ಗೆ ಉಜ್ಜೋದು. ಆಕ್ಸಲ್ ಕೆಳಗಿದ್ದ ಸ್ಪ್ರಿಂಗ್ ಪಟ್ಟೀನ ಮೇಲಕ್ಕೆ ಕೂರಿಸ್ಬುಟ್ಟೆ. ಐದಿಂಚು ಎದ್ದದೆ!"

ಜಯರಾಮಯ್ಯ ಟೋಪಿ ತೆಗೆದು ಗಾಡಿಯ ಕೆಳಗೆ ಮಲಗಿದರು. ಎಲ್ಲಕ್ಕೂ ನಾಲೆಯ ಕೆಸರು ಮೆತ್ತಿ ಒಣಗಿತ್ತು. ಹಿಂದಿನ ಆಕ್ಸಲಿಗೆ ಇಳಿದ ಬ್ರೇಕಿನ ರಬ್ಬರ್ ಪೈಪು ಮಾತ್ರ ಶುಭ್ರವಾಗಿತ್ತು.

"ಈ ಪೈಪು ಯಾವಾಗ ಹಾಕಿದ್ದು?"

"ಗಾಡಿ ಎತ್ತುವಾಗ್ಲೇ ಸಾ."

"ಮುಂದಿನ ಆಕ್ಸಲಿನದು ಹಳೇದು. ಅದನ್ಯಾಕೆ ಬದಲಾಯಿಸಲಿಲ್ಲ?"

"ಅಳತೆ ಸಾಕಾಗಿತ್ತು..."

ಶಿವಶಂಕರ್ ಚಾಸಿಗೆ ಜಾಕಿ ಕೊಟ್ಟು ಮುಂಭಾಗವನ್ನು ಎತ್ತಿದ. ಚಕ್ರ ನೆಲ ಬಿಡುವ ಮೊದಲೇ ಹಳೆಯ ಪೈಪು ತಂತಿಯಂತೆ ಬಿಗಿದುಕೊಂಡಿತು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ್ದ ಜಯರಾಮಯ್ಯನವರಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಸಮತಟ್ಟು ನೆಲದಲ್ಲಿ ನಿಂತ ಗಾಡಿಗೆ ಈ ಅಳತೆ ಸಾಕು. ಚಕ್ರ ಗುಂಡಿಗೆ ಇಳಿದರೆ ಆಕ್ಸಲು ಜೋತುಬೀಳುತ್ತದೆ. ಒಂದು ಪೈಪು ಹರಿದರೆ ಎಣ್ಣೆಯೆಲ್ಲ ಸೋರಿ ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ.

"ನಿಂತ ಗಾಡಿಗೆ ಅಳತೆ ಹಿಡಿದೆ. ಅಲ್ವೇನಯ್ಯಾ?"

ದೇವಯ್ಯ ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಗುಜರಿ ಡಬ್ಬದಿಂದ ಹರಿದ ಪೈಪನ್ನು ತಾನೇ ತೆಗೆದುಕೊಟ್ಟ. ಸೋಮವಾರ ಬೆಳಿಗ್ಗೆ, ಆರ್‌ಟಿಓ ಪರೀಕ್ಷೆಗೆ ಮುಂಚೆ, ಅದರ ಜಾಗದಲ್ಲಿ ಉದ್ದದ್ದು ಹಾಕಿದ್ದ. 1.10ಕ್ಕೆ ಪಂಚರ ಮುಂದೆ ಪೈಪಿನ ಜಪ್ತಿ, 1.45ಕ್ಕೆ ದಸ್ತಗಿರಿ. ಸಾಕ್ಷ್ಯನಾಶದ 201ನೇ ಕಲಮೂ ಸೇರಿತು.

ಠಾಣೆಯಲ್ಲಿ ಜಯರಾಮಯ್ಯ ಕೇಳಿದರು. "ಮುದ್ದಯ್ಯ ಒಳಗಿದ್ದಾನೆ ಅನ್ನೋದು ಗೊತ್ತಿತ್ತಾ?"

"ಗೊತ್ತಿತ್ತು."

"ಆದರೂ?"

"ಇಪ್ಪತ್ತೆರಡು ವರ್ಷ ಯಾರೋ ಮಾಡಿದ್ನ ರಿಪೇರಿ ಮಾಡ್ದೆ ಸಾ. ಇದೊಂದು ನನ್ ತಲೇಲಿ ಉಟ್ಟಿದ್ದು. ನಾಗಮಂಗಲದಿಂದೆಲ್ಲಾ ಬಂದು ಬಗ್ಗಿ ನೋಡ್ಕಂಡ್ ಓಯ್ತಿದ್ರು. ತಪ್ಪಾಗೋಯ್ತು ಅನ್ನಕೆ ಬಾಯೇ ಬರ್ನಿಲ್ಲ."

"ಇಂಥದು ಇನ್ನೆಷ್ಟು ಮಾಡಿದ್ದೀಯ?"

ದೇವಯ್ಯ ಮೇಜಿನ ಮೇಲಿದ್ದ ಹರಿದ ಪೈಪಿನ ಕಡೆ ಕೈ ತೋರಿಸಿದ.

"ಇನ್ನೊಂದದೆ. ಬೂಕನಕೆರೇಲಿ. ಅದ್ಕೂ ಇದೇ ಅಳತೆ."

ಮುದ್ದಯ್ಯನ ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರೆಯುತ್ತಿದ್ದ ವರದಿಯನ್ನು ಅರ್ಧಕ್ಕೆ ನಿಲ್ಲಿಸಿ, ಜಯರಾಮಯ್ಯ ಬೂಕನಕೆರೆ ಸೇರುವ ಕೃಷ್ಣರಾಜಪೇಟೆ ಠಾಣೆಗೆ ಫೋನು ತಿರುಗಿಸಿದರು. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಆ ಗಾಡಿಯ ನಂಬರನ್ನು ದೇವಯ್ಯ ಒಂದೊಂದೇ ಅಂಕಿಯಾಗಿ, ನಿಧಾನವಾಗಿ ಹೇಳಿದ.