ಹುಳ ಸಾಕಿದ ನೋಣಯ

ಬೇಲಿಯೇ ಎದ್ದು ಹುಳ ಮೇಯಿಸಿತಂತೆ!

ಮೇಷ್ಟ್ರ ಹಾಗೆ ಕಣ್ಣು ಬಿಡಬೇಡಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು.

ಎಂಬತ್ತನಾಲ್ಕನೇ ಇಸವಿ, ಸೆಪ್ಟೆಂಬರ್. ರಿಯಾದಿನಿಂದ ದಕ್ಷಿಣಕ್ಕೆ ಎರಡು ತಾಸಿನ ದಾರಿ. ಹತ್ತಿ ಫಾರ್ಮು. ಮಟಮಟ ಮಧ್ಯಾಹ್ನ.

ಡಾಟ್ಸನ್ ಪಿಕಪ್ ನೇರ ನನ್ನ ಮೇಲೆ ಬರುತ್ತಿತ್ತು!

ಹಾರಿದೆ. ಬಂಪರ್ ಮೊಣಕಾಲು ಸವರಿತು. ಹತ್ತಿಯ ಸಾಲಿನೊಳಗೆ ಕವುಚಿ ಬಿದ್ದೆ. ಬಾಯಿ ತುಂಬ ಮರಳು… ಪಿಕಪ್ ತಿರುಗಿತು. ಮತ್ತೆ ಬಂತು! ಎದ್ದು ಓಡಿದೆ. ಅದೂ ಓಡಿತು. ನೀರಿನ ಕಾಲುವೆ ಹಾರಿದೆ. ಪಿಕಪ್ಪಿಗೆ ಹಾರಲು ಬರುವುದಿಲ್ಲವಲ್ಲ… ಮೂತಿ ಊರಿ ನಿಂತಿತು.

ಇಳಿದವನು ನೋಣಯ. ಕಾಪು ಕಡೆಯವನು. ಲ್ಯಾಬಿನಲ್ಲಿ ಪರೀಕ್ಷೆಗೆಂದು ಹುಳ ಸಾಕುವುದು ಅವನ ಡ್ಯೂಟಿ. ಹೆಸರಿಗೆ ತಕ್ಕ ಕೆಲಸ ಸಿಕ್ಕಿದ ಒಬ್ಬನೇ ಮನುಷ್ಯ!

ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ನನ್ನ ಕಣ್ಣೆದುರೇ ಕಾಲುವೆಯಲ್ಲಿ ತೊಳೆದ.

“ಬ್ರೇಕ್ ಹೋಯ್ತು ಝಕ್ರಿಯಾಕ. ಪೆಟ್ಟಾಯ್ತಾ?”

“ಡಬ್ಬಿಯಲ್ಲಿ ಎಂತ ಇತ್ತು?”

“ಊಟ.”

“ಯಾರಿಗೆ?”

ನಕ್ಕ. ಸಾಕ್ಷಿ ನೀರುಪಾಲು!

ನಾನು ಝಕರಿಯಾ. ಉಳ್ಳಾಲದ ಬ್ಯಾರಿ. ಫಾರ್ಮಿನ ಯಜಮಾನ, ನಮಗೆಲ್ಲ ವೀಸಾ ಕೊಟ್ಟ ಕಫೀಲ್ ಅಬು ಸಾಲೆಹನ ಬಲಗೈ. ಇಕಾಮಾ ಎಂಬ ವಾಸದ ಚೀಟಿ ಮಾಡಿಸುವುದರಿಂದ ಹಿಡಿದು ಕಳ್ಳರ ಕೈ ತಿರುಚುವವರೆಗೆ ಎಲ್ಲವೂ ನನ್ನ ಪಾಲು. ಇನ್ನೊಂದು ವಿದ್ಯೆಯೂ ಉಂಟು. ಯಾರ ಸ್ವರ ಬೇಕಾದರೂ ತೆಗೆಯುತ್ತೇನೆ. ಅಬು ಸಾಲೆಹನ ಹಾಗೆ ಕೆಮ್ಮಿದರೆ ಅವನ ಒಂಟೆ ಎದ್ದು ನಿಲ್ಲುತ್ತದೆ.

ವಿಷಯ ಇಷ್ಟು. ಡಾಕ್ಟರ್ ಮಥಾಯಸ್ ಅಂತ ಉಡುಪಿಯ ಹತ್ತಿ ವಿಜ್ಞಾನಿ. ಅವರದು ಎರಡು ಹೊಲ. ಒಂದಕ್ಕೆ ವಾರಕ್ಕೊಮ್ಮೆ ವಿಷದ ಸ್ಪ್ರೇ. ಇನ್ನೊಂದಕ್ಕೆ ಒಂದು ತೊಟ್ಟೂ ಇಲ್ಲ. ಹುಳವನ್ನು ಆಚೆ ಸೆಳೆಯಲು ಸುತ್ತ ಬೆಂಡೆಯ ಸಾಲು, ನಡುವೆ ಹೆಣ್ಣು ಪತಂಗದ ವಾಸನೆ ಇಟ್ಟು ಗಂಡು ಪತಂಗ ಹಿಡಿಯುವ ಬಲೆ. ಹೆಣ್ಣಿಲ್ಲ, ಬರೀ ವಾಸನೆ… ನಮ್ಮ ಕ್ಯಾಂಪಿನ ಬದುಕೂ ಅಷ್ಟೇ ಅನ್ನಿ.

ಎರಡೂ ಸಮಸಮ ಬೆಳೆದಿದ್ದವು. ಎರಡು ವಾರದಲ್ಲಿ ವಿಷವಿಲ್ಲದ ಹೊಲ ಕೆಟ್ಟಿತು. ಹತ್ತು ಕಾಯಿ ಒಡೆದರೆ ಆರರಲ್ಲಿ ಗುಲಾಬಿ ಹುಳ! ಮರುದಿನ ನಾಲ್ಕು ಗಂಟೆಗೆ ರಿಯಾದಿನ ಒಲಾಯಾ ಆಫೀಸಿನಿಂದ ದೊಡ್ಡವರು ಬರುವವರು. ಅವರು ತಲೆ ಅಲ್ಲಾಡಿಸಿದರೆ ಹತ್ತಿಯ ಮೇಲೆ ಟ್ರಾಕ್ಟರ್ ಹತ್ತಿಸುವುದು. ಡಾಕ್ಟರಿಗೆ ಎಕ್ಸಿಟ್, ಸೀದಾ ಊರಿಗೆ. ಅವರ ಆರು ವರ್ಷದ ದುಡಿಮೆ ಗೊಬ್ಬರ.

ಆ ದಿನ ಬೆಳಿಗ್ಗೆ ಡಾಕ್ಟರು ಬಲೆಯ ಪತಂಗವೊಂದನ್ನು ಬಿಳಿ ಕಾಗದದ ಮೇಲಿಟ್ಟು ಹಿಸುಕಿದರು. ಕೆಂಪು ಕಲೆ!

“ಲ್ಯಾಬಿನ ಹುಳದ ಊಟಕ್ಕೆ ಗುರುತಿಗೆ ಅಂತ ಬಣ್ಣ ಹಾಕ್ತೇನೆ ಝಕರಿಯಾ. ಪತಂಗ ಆದ್ರೂ ಒಳಗೆ ಕೆಂಪೇ. ಹೊಲದ ಹುಳ ಹೀಗಿರುದಿಲ್ಲ. ಯಾರೋ ಒಳಗಿಂದ ತಂದು ಬಿಡ್ತಿದ್ದಾರೆ.”

ಅಬು ಸಾಲೆಹ ಒಪ್ಪಲಿಲ್ಲ. “ಲ್ಯಾಬ್ ಅವನದು, ತಪ್ಪೂ ಅವನದು. ಕದ್ದವನೇ ಬಾಯಿ ಬಿಟ್ಟರೆ ಬೇರೆ ಮಾತು.”

ಬಾಯಿ ಬಿಡಿಸುವುದು ನನ್ನ ಇಲಾಖೆ. ಆ ಮಧ್ಯಾಹ್ನ ಹೊಲದಲ್ಲಿ ಕಾದು ನಿಂತದ್ದು ಅದಕ್ಕೇ.

ಆ ಸಂಜೆ ನೋಣಯನನ್ನು ಕರೆದೆ. “ಬ್ರೇಕ್ ಹೋದದ್ದು ಹೋಯ್ತು. ರಾಜಿ ಮಾಡುವ. ತಕೋ, ರೋಸ್ ಶರಬತ್ತು.”

ಎರಡು ಗ್ಲಾಸು ಗಟಗಟ ಕುಡಿದ. ರೋಸ್ ಸ್ವಲ್ಪ, ಮಕ್ಕಳಿಗೆ ಕೊಡುವ ಜಂತುಹುಳದ ಕೆಂಪು ಔಷಧಿ ಜಾಸ್ತಿ. ಕುಡಿದವನು ಮರುದಿನ ಬಯಲಿಗೆ ಹೋದರೆ ಬಯಲೇ ಕೆಂಪು! ಹುಳದವನಿಗೆ ಹುಳದ ಮದ್ದು.

ಮರುದಿನ ಮಧ್ಯಾಹ್ನ ಕಕ್ಕಸಿನೊಳಗಿಂದ ಕಿರುಚಾಟ.

“ರಕ್ತ! ಝಕ್ರಿಯಾಕ, ರಕ್ತ!”

ಗೋಡೆಯಂತೆ ಬಿಳಿಚಿದ್ದ. ನೆರಳಿನಲ್ಲಿ ಕೂರಿಸಿ ಕೈಗೆ ವಾಕಿಟಾಕಿ ಕೊಟ್ಟೆ.

“ಕ್ಲಿನಿಕ್ಕಿನ ಮಿಸ್ರಿ ಡಾಕ್ಟರಿಗೆ ಹೇಳ್ತೇನೆ. ಇದ್ರಲ್ಲೇ ಮಾತಾಡ್ತಾರೆ. ಸುಳ್ಳು ಹೇಳ್ಬೇಡ ಮಾರಾಯ, ಜೀವದ ವಿಷಯ.”

ನಾನು ಹೋದದ್ದು ಅಬು ಸಾಲೆಹನ ಕೋಣೆಗೆ. ಅವನ ಪಕ್ಕ ಒಬ್ಬ ಪೊಲೀಸ್ ಅಧಿಕಾರಿ. ಇನ್ನೊಂದು ವಾಕಿಟಾಕಿ ಮೇಜಿನ ಮೇಲೆ. ಗಂಟಲು ಸರಿಮಾಡಿ ಈಜಿಪ್ಟಿನವನಾದೆ. ಅವರ ನಾಲಿಗೆಗೆ ‘ಪ’ ಇಲ್ಲ ನೋಡಿ, ಎಲ್ಲವೂ ‘ಬ’!

“ಯಾ ಹಬೀಬಿ! ಇದು ಬಾಯಿಸನ್! ಬಾಯಿಸನ್!”

“ಡಾಕ್ಟ್ರೇ, ಸಾಯ್ತೇನಾ?”

“ಲ್ಯಾಬಿನ ಬಣ್ಣದ ಬಾಯಿಸನ್. ಎಷ್ಟು ದಿನ ಮುಟ್ಟಿದ್ದೀ? ಎಲ್ಲಿಗೆ ಒಯ್ದಿದ್ದೀ? ಸರಿ ಹೇಳಿದರೆ ಸರಿ ಇಂಜೆಕ್ಷನ್. ತಪ್ಪು ಹೇಳಿದರೆ… ಸಂಜೆಯ ಅಸರ್ ನಮಾಜಿನೊಳಗೆ ಖಲಾಸ್!”

ಅಳು. ಆಮೇಲೆ ಅರಬಿ, ಹಿಂದಿ ಕಲಸಿದ ಮಾತು. ಅಬು ಸಾಲೆಹನಿಗೆ ಪೂರಾ ಅರ್ಥವಾಗುತ್ತಿತ್ತು.

“ಹದಿನಾಲ್ಕು ದಿನ ಡಾಕ್ಟ್ರೇ… ಟಿಫಿನ್ ಡಬ್ಬಿಯಲ್ಲಿ ಹುಳ, ಪತಂಗ… ವಿಷ ಹಾಕದ ಹೊಲಕ್ಕೆ ಬಿಟ್ಟೆ…”

“ಯಾರು ಹೇಳಿದ್ದು?”

“ಖೋಬರಿನಲ್ಲಿ ವಿಷದ ಸ್ಪ್ರೇ ಮಾರುವ ಏಜೆಂಟ್ ಆಂಟನಿ. ಊರಿಗೆ ಹೋಗ್ಲಿಕ್ಕೆ ರಜೆ ಮಾಡಿಸಿ ಕೊಡ್ತೇನೆ ಅಂದ. ನಾಲ್ಕು ವರ್ಷ ಆಯ್ತು ಡಾಕ್ಟ್ರೇ… ಮಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದು…”

ಅಧಿಕಾರಿ ಬರೆದುಕೊಂಡ. ನಾಲ್ಕು ವರ್ಷ ಅವನ ರಜೆಯ ಅರ್ಜಿ ಕೊಳೆತದ್ದು ಯಾರ ಡ್ರಾಯರಿನಲ್ಲಿ ಅಂತ ಕೇಳಲಿಲ್ಲ. ಕೇಳದ್ದನ್ನು ನಾನು ಹೇಳುವುದಿಲ್ಲ.

ನಾಲ್ಕು ಗಂಟೆಗೆ ಒಲಾಯಾದವರು ಬಂದರು. ಅಬು ಸಾಲೆಹ ಟ್ರಾಕ್ಟರಿಗೆ ಕೈ ಬೀಸಿದ. “ಯಲ್ಲಾ, ಹಿಂದೆ ತೆಗಿ!” ಮಥಾಯಸರ ಹೊಲಕ್ಕೆ ಇನ್ನೊಂದು ವರ್ಷ ಸಿಕ್ಕಿತು.

ನೋಣಯ ಇನ್ನೂ ನೆರಳಿನಲ್ಲೇ ಬಿದ್ದಿದ್ದ. ಕಣ್ಣು ಮುಚ್ಚಿ ಊರಿನ ಭೂತಗಳಿಗೆಲ್ಲ ಹರಕೆ ಹೇಳುತ್ತಿದ್ದ. ಸುತ್ತ ಇಡೀ ಕ್ಯಾಂಪು.

“ಏಳು ಮಾರಾಯ,” ಅಂದೆ. “ರಕ್ತ ಅಲ್ಲ ಅದು. ಜಂತುಹುಳದ ಔಷಧಿ. ಶರಬತ್ತಿಗೆ ನಾನೇ ಹಾಕಿದ್ದು.”

ಅಡುಗೆಯ ಮೋನು ಕಿಸಕ್ಕೆಂದ. ಡ್ರೈವರುಗಳು ತೊಡೆ ತಟ್ಟಿಕೊಂಡರು. ಮಥಾಯಸರು ಮಾತ್ರ ಮುಖ ತಿರುಗಿಸಿ ಹೊಲದ ಕಡೆ ನಡೆದರು.

ನೋಣಯ ಎದ್ದು ಕುಳಿತ. ಹೊಟ್ಟೆ ಮುಟ್ಟಿ ನೋಡಿಕೊಂಡ.

ಆಮೇಲೆ ನಕ್ಕ! ನೆಲ ಬಡಿದು ನಕ್ಕ. ಕಣ್ಣೀರು ಸುರಿಸಿ ನಕ್ಕ. ಎಲ್ಲರ ನಗುವೂ ಅವನ ನಗುವಿನಡಿ ಮುಳುಗಿಹೋಯಿತು.

“ಸಾಯುದಿಲ್ವಾ! ಜಂತುಹುಳದ್ದಾ! ಅಯ್ಯೋ ನಿಮ್ಮ ಮಂಡೆಯೇ, ಝಕ್ರಿಯಾಕ!”

ಹಿಂದೆ ಪೊಲೀಸ್ ಜೀಪು ಬಂದು ನಿಂತ ಸದ್ದು. ಅವನು ತಿರುಗಲೂ ಇಲ್ಲ. ನಗು ಇನ್ನೂ ಏರಿತು.

“ಪಾಪ, ಮಿಸ್ರಿ ಡಾಕ್ಟ್ರು ಅಷ್ಟು ದೂರದಿಂದ ಸುಮ್ಮನೆ ಬಂದ್ರಲ್ಲಾ!”

“ಸುಮ್ಮನೆ ಎಂತಕ್ಕೆ?” ಅಂದೆ. “ಖಾಲಿ ಕೈಯಲ್ಲಿ ಹೋಗುವವರಲ್ಲ ಅವರು.”