ಲೆಕ್ಕ ಕೇಳದ ಪರೀಕ್ಷೆ

"ಇನ್ನೊಂದು ಸಲ ನಡಿಯಮ್ಮ. ಮೆಲ್ಲಗೆ, ತಲೆ ತಗ್ಗಿಸಿಕೊಂಡು," ಎಂದರು ಬೆಳ್ಳಿ ಕನ್ನಡಕದ ಅಮ್ಮಾವ್ರು.

ಗಂಗರತ್ನ ಇನ್ನೊಂದು ಸಲ ನಡೆದಳು. ಪಕ್ಕದ ಕುರ್ಚಿಯಲ್ಲಿದ್ದ ಗಣಿ ಸಾಹೇಬರ ದೊರೆಸಾನಿ ಏನೋ ಮಾರ್ಕು ಗೀಚಿದಳು. ಗೋಡೆ ಬದಿಯ ಬೆಂಚಿನಲ್ಲಿ ಅಜ್ಜಿಯ ಜೊತೆ ಕೂತಿದ್ದ ತಂಗಿ ಶಾಮಿಗೆ ಮೈಯೆಲ್ಲ ಉರಿಯಿತು. ಅಕ್ಕನೇನು ಸಂತೆಗೆ ಬಂದ ಹಸುವೇ?

ಇದು ಸ್ಕಾಲರ್‌ಷಿಪ್ ಸ್ಪರ್ಧೆಯಂತೆ! ಹೈಸ್ಕೂಲಿನ ಕೊನೆಯ ಕ್ಲಾಸಿನ ಹುಡುಗಿಯರಿಗೆಂದು ರಾಬರ್ಟ್‌ಸನ್‌ಪೇಟೆಯ ಲೇಡೀಸ್ ಕ್ಲಬ್ಬೊಂದು ಏರ್ಪಡಿಸಿತ್ತು. ಗೆದ್ದವಳಿಗೆ ಬೆಂಗಳೂರಿನ ಕಾಲೇಜಿನ ಫೀಜು, ಹಾಸ್ಟೆಲು ಎರಡೂ ಅವರದೇ. ಸೋತರೆ ಗಂಗರತ್ನಳ ಓದು ಅಲ್ಲಿಗೇ ಮುಗಿಯಿತು. ಬರುವ ಶುಕ್ರವಾರ ಬೇತಮಂಗಲದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

ಅದಕ್ಕೇ ಅಕ್ಕ ಊಟ ನಿದ್ದೆ ಬಿಟ್ಟು ಲೆಕ್ಕ ಮಾಡಿದ್ದಳು. ಬಂಗಾರಪೇಟೆಯಿಂದ ಬರುವಾಗ ರೈಲಿನಲ್ಲೂ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಇಲ್ಲಿ ನೋಡಿದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

"ಒಂದು ಹಾಡು ಹೇಳಮ್ಮ."

"ಟೀ ಬಗ್ಗಿಸಿ ಕೊಡು. ಚೆಲ್ಲಬೇಡ."

"ಕಸೂತಿ ಬರುತ್ತಾ?"

ಲೋಕವನ್ನೇ ಉದ್ಧಾರ ಮಾಡಿದವರಂತೆ ಅಮ್ಮಾವ್ರು ಟೀ ಹೀರಿದರು.

"ನಂಗೆ ಲೆಕ್ಕ ಚೆನ್ನಾಗಿ ಬರುತ್ತೆ ಮೇಡಮ್. ಒಂದು ಕೇಳಿ," ಎಂದಳು ಗಂಗರತ್ನ.

"ಪಾಪ! ಸಂಸಾರ ಮಾಡೋಕೆ ಅಷ್ಟೆಲ್ಲ ಲೆಕ್ಕ ಯಾಕಮ್ಮ?"

ಅಷ್ಟರಲ್ಲಿ ಅಜ್ಜಿ ಚಿಕ್ಕವೆಂಕಟಮ್ಮ ಎದ್ದು ನಿಂತಳು. ಮೊಮ್ಮಗಳನ್ನು ನಡೆಸಿದ್ದಾಯಿತು, ಹಾಡಿಸಿದ್ದೂ ಆಯಿತು. ಇನ್ನೇನು ಬಾಕಿ?

"ಎಲ್ಲಾ ಸರಿ ಕಣವ್ವ, ಉಡುಗ ಎಲ್ಲವ್ನೆ?"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಇದನ್ನು ಹೆಣ್ಣು ನೋಡುವ ಶಾಸ್ತ್ರ ಅಂದುಕೊಂಡಿದೆ ಮುದುಕಿ! ಅಮ್ಮಾವ್ರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಾಮಿ ನಾಚಿಕೆಯಿಂದ ಅಜ್ಜಿಯ ಸೆರಗು ಎಳೆದು ಕೂರಿಸಿದಳು.

ಸ್ಕಾಲರ್‌ಷಿಪ್ಪು ಕಂಟ್ರಾಕ್ಟರ್ ಜಯರಾಮಪ್ಪನ ಮಗಳಿಗೆ ಹೋಯಿತು. ಅವಳ ನಡಿಗೆ ಬಹಳ ಚೆಂದವಂತೆ.

ವಾಪಸು ರೈಲಿನಲ್ಲಿ ಅಜ್ಜಿಯ ಸಿಟ್ಟು ಇಳಿಯಲೇ ಇಲ್ಲ. "ಅದ್ಯಾಕಂಗೆ ನಕ್ರು? ನನ್ನ ನೋಡಾಕೆ ಬಂದೋರೂ ಇಂಗೇ ನಡೆಸಿ, ಪದ ಏಳಿಸಿ ನೋಡಿದ್ರು. ಉಡುಗನೇ ಇಲ್ಲ ಅಂದ್ಮೇಲೆ ಇವ್ರು ಯಾಕೆ ಅಂಗೆ ನೋಡಿದ್ದು?"

ಅಜ್ಜಿಗೆ ಬುದ್ಧಿ ಹೇಳಬೇಕೆಂದು ಶಾಮಿ ಬಾಯಿ ತೆರೆದಳು. ಆದರೆ ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು. ತಾನು ಸೆರಗು ಎಳೆದದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಅಜ್ಜಿ," ಎಂದಳು ಮೆಲ್ಲಗೆ, "ಶುಕ್ರವಾರ ಬರೋರಾದ್ರೂ ಅಕ್ಕನ್ನ ಲೆಕ್ಕ ಕೇಳ್ತಾರಾ?"

ಅಜ್ಜಿ ಕಿಟಕಿಯ ಬಳಿ ಕೂತಿದ್ದ ಗಂಗರತ್ನಳನ್ನು ನೋಡಿದಳು. ಪುಸ್ತಕ ಮಡಿಲಲ್ಲಿ ಮುಚ್ಚಿತ್ತು, ಕಣ್ಣು ತುಂಬಿತ್ತು. ಬಾಯೊಳಗಿನ ಎಲೆಅಡಿಕೆಯನ್ನು ಅಜ್ಜಿ ಕಿಟಕಿಯಾಚೆ ಉಗಿದಳು.

"ಅವ್ರೆಲ್ಲಿ ಕೇಳ್ತಾರೆ? ಈ ಕಿತ ನೀನೇ ಕೇಳು ರತ್ನ. ಆ ಉಡುಗ ಉತ್ರ ಏಳ್ಲಿ. ಲೆಕ್ಕ ಬರಾಕಿಲ್ಲ ಅಂದ್ರೆ ಬಂದ ದಾರೀಗೆ ಸುಂಕ ಇಲ್ಲ ಅಂತ ಎದ್ದು ಓಗ್ಲಿ!"

ಗಂಗರತ್ನ ಅಳುತ್ತಳುತ್ತಲೇ ನಕ್ಕುಬಿಟ್ಟಳು.

ಶಾಮಿ ಅಕ್ಕನ ಮಡಿಲಿನಿಂದ ಪುಸ್ತಕ ಎಳೆದುಕೊಂಡು, ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಲೆಕ್ಕ ಯಾವುದೆಂದು ಹುಡುಕತೊಡಗಿದಳು.